ಅಳತೆಗೋಲು

ನಡಿಗೆ ಪರೀಕ್ಷಿಸುವ ಕೋಣೆಯ ಟೆಕ್ನಿಷಿಯನ್‌ಗೆ ತನ್ನ ಕಾಲುಗಳ ಬಗ್ಗೆ ಜಂಬವೆಂದರೆ ಜಂಬ. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ, ರೋಗಿಗಳು ಬರುವ ಮುಂಚೆ, ಮೈಗೆಲ್ಲ ಹೊಳೆಯುವ ಗುಂಡಿಗಳನ್ನು ಅಂಟಿಸಿಕೊಂಡು ಕ್ಯಾಮೆರಾಗಳ ಮುಂದೆ ಹತ್ತು ಹೆಜ್ಜೆ ಹಾಕುತ್ತಿದ್ದ. ಬಂದವರ ನಡಿಗೆಯನ್ನು ಆ ದಿನದ ಅವನ ನಡಿಗೆಯ ಪಕ್ಕದಲ್ಲಿಟ್ಟು ನೋಡುವುದು ಅಲ್ಲಿನ ರೂಢಿ. "ಕುಂಟೋರಿಗೆಲ್ಲ ನಾನೇ ಅಳತೆಗೋಲು" ಎಂದು ಬೀಗುತ್ತಿದ್ದ.

ಹೊಸದಾಗಿ ಬಂದ ಡಾಕ್ಟರಮ್ಮ ಅವತ್ತು ಪರದೆಯ ಮುಂದೆ ನಿಂತರು. ಅದರಲ್ಲಿ, ಮೈಮೇಲಿನ ಗುಂಡಿಗಳನ್ನು ಗೆರೆಯಿಂದ ಸೇರಿಸಿ ಕಂಪ್ಯೂಟರ್ ಬರೆದ ಮುಖವಿಲ್ಲದ ಕಡ್ಡಿಗೊಂಬೆಯೊಂದು ನಡೆಯುತ್ತಿತ್ತು.

"ಈ ಪೇಷಂಟನ್ನ ಇನ್ನೂ ಯಾಕೆ ಯಾರೂ ನೋಡಿಲ್ಲ? ಎಡಗೈ ಬೀಸೋದೇ ಇಲ್ಲ, ಹೆಜ್ಜೆ ಗಿಡ್ಡ, ಪಾದ ಎತ್ತದೆ ಎಳ್ಕೊಂಡು ಹೋಗ್ತಾರೆ. ತೊಂದರೆ ಕಾಲಲ್ಲಲ್ಲ, ಮೆದುಳಲ್ಲಿರೋ ಹಾಗಿದೆ."

"ಪೇಷಂಟಾ? ಅದು ನಾನು ಮೇಡಂ!" ಎಂದು ಅವನು ಹಲ್ಲು ಕಿರಿದ.

ಡಾಕ್ಟರಮ್ಮ ನಗಲಿಲ್ಲ. ಅವನ ಮೊದಲ ದಿನದ ನಡಿಗೆಯನ್ನು ತೆಗೆಸಿ ಪಕ್ಕದಲ್ಲೇ ಓಡಿಸಿದರು. ಹಳೆಯ ಗೊಂಬೆ ಎರಡೂ ಕೈ ಬೀಸುತ್ತ ಆಚೆ ತುದಿ ಮುಟ್ಟಿತು. ಇವತ್ತಿನದು ಇನ್ನೂ ನಡುದಾರಿಯಲ್ಲಿತ್ತು. ದಿನಕ್ಕೆ ಕೂದಲೆಳೆಯಷ್ಟು ಬದಲಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವನು ಕುರ್ಚಿಗಾಗಿ ತಡಕಾಡಿದ. ಕೂತ ಮೇಲೆಯೇ ಇನ್ನೊಂದು ನೆನಪಾಯಿತು. ಹೋದ ತಿಂಗಳು ಅವನ ಅಣ್ಣ, ಕಾಲು ಯಾಕೋ ಎಳೆಯುತ್ತದೆ ಎಂದು ಬಂದಿದ್ದ. ಇವನೇ ಅಣ್ಣನನ್ನು ನಡೆಸಿ, ಇಬ್ಬರ ನಡಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಬೆನ್ನು ತಟ್ಟಿ ಕಳಿಸಿದ್ದ:

"ಥೇಟ್ ನನ್ನ ಹಾಗೇ ನಡೀತೀಯಲ್ಲ ಅಣ್ಣ! ಗುಂಡುಕಲ್ಲಿನ ಹಾಗಿದ್ದೀಯ, ಮನೆಗೆ ಹೋಗು."