ಕಪನೂರದಾಗ ಇಳಿಯೋರು

ಕಪನೂರದ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಸಾಬಮ್ಮನ ಮನೆ ಇದ್ದದ್ದು ಕಮಲಾಪುರದಲ್ಲಿ. ಗಂಡ ತೀರಿ ಆರು ವರ್ಷ, ಮಕ್ಕಳಿರಲಿಲ್ಲ. ಮುಂಜಾನೆ ಬಸ್ಸು ಹತ್ತಿದರೆ ಕಲಬುರಗಿ ಮುಟ್ಟುವ ಮೊದಲೇ ಮಿಲ್ಲಿನ ತಗಡಿನ ಸೂರು ಬಸ್ಸಿನ ಕಿಟಕಿಯಲ್ಲಿ ಕಾಣುತ್ತಿತ್ತು.

"ತಮ್ಮಾ, ಇಲ್ಲೇ ಇಳಿಸಪ್ಪಾ."

"ಇಲ್ಲಿ ಸ್ಟಾಪ್ ಇಲ್ಲ ಅಕ್ಕಾ, ಎಕ್ಸ್‌ಪ್ರೆಸ್ ಅದ," ಎನ್ನುತ್ತಿದ್ದ ಕಂಡಕ್ಟರ್.

ಬಸ್ ಸ್ಟ್ಯಾಂಡಿನ ತನಕ ಹೋಗಿ, ಟಂಟಂ ಆಟೋ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಸಂಜೆಯೂ ಅದೇ ಪಾಡು. ಹೀಗೆ ದಿನಕ್ಕೆ ಎರಡು ತಾಸು ಸುಮ್ಮನೆ ರಸ್ತೆಯ ಪಾಲು.

ಐದು ವರ್ಷ ಪಕ್ಕದ ಸೀಟಿನಲ್ಲಿ ಅದೇ ಮಿಲ್ಲಿನ ಬಂಡೆಮ್ಮ ಇದ್ದಳು. ಮಾತಿಗೆ ಮಾತು ಕೂಡಿ ದಾರಿ ಸವೆಯುತ್ತಿತ್ತು. ಈ ಓಡಾಟಕ್ಕೆ ಮೊಣಕಾಲು ಸೋತು ಅವಳು ಕೆಲಸ ಬಿಟ್ಟಳು, ಹುಮನಾಬಾದಿನ ಮಗಳ ಮನೆ ಸೇರಿದಳು. ಆಮೇಲೆ ಕಮಲಾಪುರದಿಂದ ಕಲಬುರಗಿಯ ತನಕ ಸಾಬಮ್ಮ ಬಾಯಿ ತೆರೆಯದ ದಿನಗಳೇ ಹೆಚ್ಚು.

ಮಿಲ್ಲಿಗೆ ರಜೆಯಿದ್ದ ಒಂದು ದಿನ ಅವಳು ಕಲಬುರಗಿಯ ಸಾರಿಗೆ ಕಚೇರಿಗೆ ಹೋದಳು. ಅಮರನಾಥ ಎಂಬ ಅಧಿಕಾರಿ ಕೂಡಿಸಿ ಮಾತಾಡಿಸಿದ, ಕಂಪ್ಯೂಟರ್ ನೋಡಿ ಹೇಳಿದ: "ಅಮ್ಮಾ, ಟಿಕೆಟ್ ನೋಡಿದ್ರ ಕಮಲಾಪುರದಿಂದ ಕಪನೂರಕ್ಕ ಒಬ್ರೂ ಬರಂಗಿಲ್ಲ. ಯಾರ ಸಲುವಾಗಿ ನಿಲ್ಲಸ್ಬೇಕು?"

"ಬಸ್ಸೇ ನಿಲ್ಲಂಗಿಲ್ಲಂದ್ರ ಅಲ್ಲೀ ಟಿಕೆಟ್ ಯಾರ್ ಕೊಡ್ತಾರ್ರೀ ಸಾಹೇಬ್ರ? ಕಲಬುರ್ಗಿ ಟಿಕೆಟ್ ಮ್ಯಾಲೇ ಬರ್ತೀವಲ್ಲ!"

ಅವನು ಕಂಪ್ಯೂಟರ್ ಬಿಟ್ಟು ಅವಳ ಕಡೆ ತಿರುಗಿದ. "ಖರೆ ಅದ. ಅಂಥೋರು ಎಷ್ಟ್ ಮಂದಿ ಇದ್ದೀರಿ?"

ಸಾಬಮ್ಮನಿಗೆ ಗೊತ್ತಿರಲಿಲ್ಲ. ಬಂಡೆಮ್ಮ ಹೋದ ಮೇಲೆ ತಾನೊಬ್ಬಳೇ ಎಂದುಕೊಂಡಿದ್ದಳು.

ಮರುದಿನದಿಂದ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಸುತ್ತಲಿನ ಕಾರ್ಖಾನೆಗಳ ಗೇಟಿಗೆ ಹೋಗಿ ನಿಂತಳು. ಅವಳಿಗೆ ಬರೆಯಲು ಬಾರದು. ಜತೆಯಲ್ಲಿ ಬೇಳೆ ಹಸನು ಮಾಡುವ ಜೀನತ್ ಹೆಸರು ಬರೆದುಕೊಟ್ಟಳು. ಹನ್ನೆರಡು ದಿನಕ್ಕೆ ಅರವತ್ನಾಲ್ಕು ಹೆಸರಾದವು. ಎಷ್ಟೋ ಜನ ಅವಳ ಬಸ್ಸಿನವರೇ! ದಿನಾ ಹಿಂದೆ ಮುಂದೆ ಕೂತು, ಸ್ಟ್ಯಾಂಡಿನ ಗದ್ದಲದಲ್ಲಿ ಚದುರಿ, ಪೇಟೆಗೆ ಹೊರಟವರಂತೆ ಕಂಡವರು.

ಪಟ್ಟಿ ಓದಿದ ಅಮರನಾಥ ಒಂದು ಮುಂಜಾನೆ ತಾನೇ ಕಮಲಾಪುರಕ್ಕೆ ಬಂದು ಅವಳ ಬಸ್ಸು ಹತ್ತಿದ, ಟಂಟಮ್ಮಿನಲ್ಲಿ ಇರುಕಿಕೊಂಡು ಮಿಲ್ಲಿನ ತನಕವೂ ಬಂದ. ಗಡಿಯಾರ ನೋಡಿಕೊಂಡು, "ನಿಮ್ದು ಭಾಳ ಹೊತ್ತು ಹಾಳಾಗ್ಯದ ಅಮ್ಮಾ," ಎಂದ. ಒಂದೂವರೆ ತಿಂಗಳಿಗೆ ಆದೇಶ ಬಂತು: ಮುಂಜಾನೆ ಎರಡು, ಸಂಜೆ ಎರಡು ಬಸ್ಸು ಕಪನೂರ ಕ್ರಾಸಿನಲ್ಲಿ ನಿಲ್ಲಬೇಕು.

ಮೊದಲ ಸಂಜೆ ಕ್ರಾಸಿನಲ್ಲಿ ಬಸ್ಸು ನಿಂತಾಗ ಹೆಣ್ಣುಮಕ್ಕಳು ನಗುತ್ತ ಹತ್ತಿದರು. ತಮ್ಮ ತಮ್ಮ ಜೊತೆಗಾರರ ಪಕ್ಕ ಕೂತರು. ಸಾಬಮ್ಮನಿಗೆ ಡ್ರೈವರನ ಹಿಂದೆ ಜಾಗ ಸಿಕ್ಕಿತು.

ಕಮಲಾಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಬಂಡೆಮ್ಮನಿಗೆ ಫೋನ್ ಮಾಡಿದಳು.

"ಬಸ್ ನಿಲ್ಲಾಕತ್ತದ ಬಂಡೆವ್ವಾ. ಈಗರೆ ಕೆಲಸಕ್ಕ ಬಾ."

"ಛಲೋ ಆತು ನೋಡು! ಆದ್ರ ಮೊಮ್ಮಗಳನ್ನ ಬಿಟ್ಟು ಹೆಂಗ್ ಬರ್ಲವ್ವಾ? ಅಳಾಕತ್ತಾಳ, ಫೋನ್ ಇಡ್ತೀನಿ."

ಸಾಬಮ್ಮ ಗುಡಿಸಿದ ಮನೆಯನ್ನೇ ಮತ್ತೊಮ್ಮೆ ಗುಡಿಸಿದಳು. ಎರಡು ರೊಟ್ಟಿ ಬಡಿದು ಉಂಡಳು. ಹೊರಗೆ ಇನ್ನೂ ಬೆಳಕಿತ್ತು. ಹೊಸ್ತಿಲ ಮೇಲೆ ಬಂದು ಕೂತಳು.

"ಇವತ್ತ ಲಗೂ ಬಂದೀಯಲ್ಲ ಸಾಬವ್ವಾ," ಎಂದಳು ಕೊಡ ಹೊತ್ತು ಹೊರಟಿದ್ದ ನೆರೆಯಾಕೆ.

"ಹೂಂ. ಬಸ್ ಕಪನೂರದಾಗೇ ನಿಂತಿತ್ತು."

ಹೆಂಗ ನಿಂತಿತು ಎಂದು ಕೇಳಬಹುದೆಂದು ಸಾಬಮ್ಮ ಕಾದಳು. ನೆರೆಯಾಕೆ ಆಗಲೇ ಓಣಿ ತಿರುಗಿದ್ದಳು.