ತಂಗೆವ್ವನ ಕಿಟಕಿಯ ಬಳ್ಳಿ

ನಾನು ಒಂದು ಬಳ್ಳಿ. ಹುಟ್ಟಿದ್ದು ಬೀಜದಿಂದಲ್ಲ, ಕಳವಿನಿಂದ.

ಗದಗಿನ ಹಲ್ಲಿನ ಡಾಕ್ಟರರ ದವಾಖಾನೆಯಲ್ಲಿ ನನ್ನ ತಾಯಿ ಜೋತಾಡುತ್ತಿದ್ದಳು. ದವಡೆ ಹಿಡಿದುಕೊಂಡು ಬಂದ ತಂಗೆವ್ವ ಆಕಡೆ ಈಕಡೆ ನೋಡಿ, ಉಗುರಿನಿಂದ ನನ್ನನ್ನು ಚಿವುಟಿ ಸೆರಗಿಗೆ ಕಟ್ಟಿಕೊಂಡಳು.

"ಕೇಳಿದ್ರ ಕೊಡತಿದ್ರಲ್ಲಬೇ," ಎಂದಳು ಮಗಳು ಸಾವಂತ್ರಿ.

"ಕೇಳಿ ತಂದದ್ದು ಒಣಗತೈತಿ. ಕದ್ದ ಕುಡಿನ ಹತ್ತೋದು. ನೀ ಸುಮ್ನ ನಡಿ."

ಬೇರು ಬಿಟ್ಟು ಹತ್ತಿದೆ ಕೂಡ. ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬಿ ನನ್ನ ಮನೆಯಾಯಿತು. ಕಿಟಕಿಯ ಸರಳಿಗೆ ತಂತಿ ಕಟ್ಟಿ, ತನ್ನ ಮಂಚದ ಮೇಲೆಯೇ ತೂಗುಹಾಕಿದಳು. ನರ್ಸರಿಯವರು ನಮಗೆ ಟರ್ಟಲ್ ವೈನ್ ಎನ್ನುತ್ತಾರಂತೆ. ತಂಗೆವ್ವ ಕರೆಯುತ್ತಿದ್ದದ್ದು "ಕಳ್ಳಿ" ಎಂದು.

ನನ್ನ ಎಲೆ ಗುಂಡಗೆ, ಪುಟ್ಟದು, ಒಳಗೆ ನೀರು ತುಂಬಿಕೊಂಡಿರುತ್ತದೆ. ಮಣ್ಣು ಒಣಗಿದರೂ ಎಷ್ಟೋ ದಿನ ನನ್ನ ಗಂಟು ನಾನೇ ತಿಂದು ಬದುಕುತ್ತೇನೆ. ಇದನ್ನು ತಂಗೆವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡುವಳು.

"ಸಾವಂತ್ರಿ, ಎಲಿ ದಪ್ಪ ಐತಿ ಅಂದ್ರ ಹೊಟ್ಟಿ ತುಂಬೇತಿ ಅಂತ. ಮೆತ್ತಗಾದ್ರ ಅಷ್ಟ ನೀರು ಹಾಕು. ಉಂಡಾಕಿಗೆ ಮತ್ತ ಉಣಿಸಿದ್ರ ಸಾಯತಾಳ."

ಒಂದು ದಿನ ಒಲೆಯ ಮುಂದೆಯೇ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಡಾಕ್ಟರು ಸಾವಂತ್ರಿಗೆ ಒಂದೇ ಮಾತು ಒತ್ತಿ ಹೇಳಿದ್ದರು: ಬರೀ ನೀರು ಕುಡಿಸಬೇಡಿ, ನುಂಗಲು ಬಾರದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೂರಿಸಿ ಗಟ್ಟಿ ಗಂಜಿಯನ್ನಷ್ಟೇ ತಿನ್ನಿಸಿ.

ನೋಡಲು ಬರುವವರು ಹೆಚ್ಚಿದರು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು. ಆದರೆ ವಾರ ಕಳೆದರೂ ನಳ ಬಾರದ ಓಣಿ ನಮ್ಮದು. ತಂಬಿಗೆಯಲ್ಲಿ ಉಳಿದ ನೀರನ್ನು ಯಾರೂ ಚೆಲ್ಲುವುದಿಲ್ಲ. "ಗಿಡಕ್ಕರ ಹೋಗಲಿ" ಎಂದು ಎದ್ದವರೆಲ್ಲ ನನ್ನ ಡಬ್ಬಿಗೆ ಸುರುವಿದರು. ಎಷ್ಟು ಜನರ ಮರುಕವೋ, ಅಷ್ಟು ನೀರು. ನನ್ನ ಬೇರು ಕೊಳೆಯತೊಡಗಿತು; ಅವ್ವನ ಆರೈಕೆಯಲ್ಲಿ ಮುಳುಗಿದ್ದ ಸಾವಂತ್ರಿ ನನ್ನ ಎಲೆ ಒತ್ತುವುದನ್ನೇ ಮರೆತಿದ್ದಳು. ಕೆಳಗಿನಿಂದ ತಂಗೆವ್ವ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಹೇಳಲು ಆಕೆಗೂ ಬಾಯಿಲ್ಲ, ನನಗೂ ಇಲ್ಲ.

ಆ ದಿನ ರೋಣದಿಂದ ಆಕೆಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಬಸಲಿಂಗವ್ವ ಬಂದಿದ್ದಳು. ಒಳ್ಳೆಯ ಜೀವ. ಸಾವಂತ್ರಿ ಹಾಲು ತರಲು ಹೋದಾಗ, ಕುಡಿದುಳಿದ ನೀರನ್ನು ನನಗೆ ಹಾಕಲು ತಂಬಿಗೆ ಎತ್ತಿದಳು. ತಂಗೆವ್ವ ಎಡಗೈ ಎತ್ತಿ ತಂಬಿಗೆಯ ಕಡೆ ಚಾಚಿದಳು. ಗಂಟಲಲ್ಲಿ ಬರೀ ಗೊರಗೊರ.

"ಅಯ್ಯ ನನ್ನವ್ವಾ! ನೀರು ಬೇಕೇನ? ಈ ಹುಡುಗಿ ಕುಡಿಯಾಕ ಹನಿ ನೀರೂ ಕೊಡಂಗಿಲ್ಲೇನ?"

ತಲೆ ಎತ್ತಿ ಹಿಡಿದು ಕುಡಿಸಿದಳು. ತಂಗೆವ್ವ ಕೆಮ್ಮಿದಳು. ಕೈ ಮತ್ತೆ ನನ್ನ ಕಡೆ ಬಂತು. "ಸಾವಕಾಶ ಕುಡಿಯವಾ, ಇನ್ನೂ ಐತಿ," ಎಂದು ಬಸಲಿಂಗವ್ವ ಇನ್ನೊಂದಿಷ್ಟು ಕುಡಿಸಿದಳು. ಕಣ್ಣಲ್ಲಿ ನೀರು ಬರುವಂತೆ ಕೆಮ್ಮುತ್ತಿದ್ದಾಗ ಸಾವಂತ್ರಿ ಬಾಗಿಲಿಗೆ ಬಂದು ಹಾಲಿನ ಪಾಕೀಟು ಕೈಬಿಟ್ಟಳು.

"ದೊಡ್ಡವ್ವಾ! ನೀರು ಕೊಡಬ್ಯಾಡ ಅಂದಾರ!"

"ಕೈ ಮಾಡಿ ಕೇಳಿದ್ಲವಾ. ಕಲ್ಲಿನ ಎದಿ ಏನು ನಂದು?"

ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ದವಾಖಾನೆಗೆ ಹೋದ ತಂಗೆವ್ವ ಹೆಣವಾಗಿ ಮನೆಗೆ ಬಂದಳು; ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು.

ಮಣ್ಣು ಕೊಡಲು ಬಂದವರೂ ನೀರು ಕುಡಿದರು. ಉಳಿದದ್ದು ನನಗೆ.

ಎಲ್ಲ ಮುಗಿದ ಮೇಲೆ ಸಾವಂತ್ರಿ ಮಂಚ ಸರಿಸುತ್ತ, ಹಳೆಯ ರೂಢಿಯಂತೆ ನನ್ನ ಎಲೆ ಒತ್ತಿದಳು. ಎಲೆ ಲೋಳೆಯಾಗಿ ಬೆರಳಿಗೆ ಅಂಟಿತು. ಡಬ್ಬಿಯಿಂದ ಕೊಳೆತ ವಾಸನೆ. ಖಾಲಿ ಮಂಚ ನೋಡಿದಳು, ನನ್ನನ್ನು ನೋಡಿದಳು, ಇನ್ನೂ ಊರಿಗೆ ಹೋಗದೆ ಉಳಿದಿದ್ದ ಬಸಲಿಂಗವ್ವನ ಕಡೆ ತಿರುಗಿದಳು.

"ದೊಡ್ಡವ್ವಾ, ಅವ್ವ ಕೈ ಮಾಡಿದಾಗ ತಂಬಗಿ ಎಲ್ಲಿ ಹಿಡಿದಿದ್ದಿ?"

"ಬಳ್ಳಿಗೆ ಹಾಕಾಕ ಎತ್ತಿದ್ದೆ. ಯಾಕ?"

ಸಾವಂತ್ರಿಯ ಬಾಯಿ ತೆರೆಯಿತು. ಎದುರಿಗೆ ಅತ್ತು ಅತ್ತು ಊದಿದ ಮುದುಕಿಯ ಮುಖ.

"ಏನಿಲ್ಲ, ಬಿಡು," ಎಂದಳು.

ಹೊರಡುವಾಗ ಬಸಲಿಂಗವ್ವ ಆಕಡೆ ಈಕಡೆ ನೋಡಿ, ನನ್ನಲ್ಲಿ ಹಸಿರು ಉಳಿದಿದ್ದ ಒಂದೇ ಕುಡಿಯನ್ನು ಚಿವುಟಿ ಸೆರಗಿಗೆ ಕಟ್ಟಿಕೊಂಡಳು. ಸಾವಂತ್ರಿ ಕಂಡಳು. ಬಸ್ಸಿಗೆ ಹತ್ತಿಸಲು ಹೋಗುವಾಗ ಹೊಸ್ತಿಲಲ್ಲಿ ಇಷ್ಟೇ ಹೇಳಿದಳು:

"ದೊಡ್ಡವ್ವಾ, ನೀರು ಹಾಕೂ ಮುಂದ ಎಲಿ ಒತ್ತಿ ನೋಡು."

ಈಗ ನಾನು ಬಚ್ಚಲ ಹಿಂದೆ, ತುಕ್ಕು ಹಿಡಿದ ಡಬ್ಬಿಯಲ್ಲಿ ಮಣ್ಣಾಗುತ್ತಿದ್ದೇನೆ. ಬರಗಾಲಕ್ಕೆಂದು ಎಲೆ ತುಂಬ ನೀರು ಕೂಡಿಟ್ಟುಕೊಂಡು ಹುಟ್ಟಿದವಳು ನಾನು. ಬರ ಬರಲೇ ಇಲ್ಲ. ಆ ಎಡಗೈ ನನಗಾಗಿ, ತಂಬಿಗೆ ತಡೆಯಲು ಮೇಲೆದ್ದಿತ್ತು. ರೋಣದ ಆ ಕಿಟಕಿಯಲ್ಲಿ ಬಸಲಿಂಗವ್ವ ಎಲೆ ಒತ್ತಿ ನೋಡುತ್ತಾಳೋ, ತಂಬಿಗೆ ಎತ್ತುತ್ತಾಳೋ, ಇಲ್ಲಿಗೆ ಕಾಣುವುದಿಲ್ಲ.