ಕಾಲು ಎತ್ತಿದ್ದೆನಾ?

ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ನಮ್ಮ ಲಾಂಡ್ರಿಗೇ ಬರುತ್ತಿದ್ದವು. ಒದ್ದೆ ಬಟ್ಟೆಯನ್ನು ಎರಡು ರೋಲರುಗಳ ನಡುವೆ ಕೊಟ್ಟು ಹಿಂಡುವುದು ಚಿಕ್ಕಮ್ಮನ ಕೆಲಸ. ಪೆಡಲ್ ತುಳಿದರೆ ರೋಲರು ತಿರುಗಬೇಕು, ಕಾಲೆತ್ತಿದರೆ ನಿಲ್ಲಬೇಕು. ಸ್ವಿಚ್ಚು ಪದೇ ಪದೇ ಸುಟ್ಟುಹೋಗುತ್ತಿದ್ದುದರಿಂದ ಅಣ್ಣ ಅದನ್ನು ಕಿತ್ತು ಎಸ್‌ಸಿಆರ್ ಎಂಬ ಒಂದು ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚು ಕೂರಿಸಿದ.

"ಮೂರು ಕಾಲಿನ ಈ ಹುಳ ಅಷ್ಟು ದೊಡ್ಡ ಮೋಟಾರನ್ನ ಓಡಿಸುತ್ತೇನೋ?" ಚಿಕ್ಕಮ್ಮ ನಕ್ಕಳು.

"ನೀನು ಚಿಕ್ಕಪ್ಪನ್ನ ಓಡಿಸಲ್ವಾ, ಹಾಗೇ."

ಆ ವಾರವೆಲ್ಲ ಯಂತ್ರ ಹೇಳಿದ ಮಾತು ಕೇಳಿತು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆಸ್ಪತ್ರೆಯ ಗಾಡಿ ಬಾಗಿಲಲ್ಲೇ ನಿಂತಿತ್ತು. ಚಿಕ್ಕಪ್ಪ ಎಂದಿನಂತೆ ಲಾರಿಯ ಬ್ಯಾಟರಿಗಳನ್ನು ತಂದು, ಕರೆಂಟಿನಲ್ಲೂ ಬ್ಯಾಟರಿಯಲ್ಲೂ ಓಡುತ್ತಿದ್ದ ಆ ಯಂತ್ರಕ್ಕೆ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆಲ್ಲ ಬಟ್ಟೆಯ ಅಂಚೊಂದು ಚಿಕ್ಕಮ್ಮನ ಮಣಿಕಟ್ಟಿಗೆ ಸುತ್ತಿಕೊಂಡಿತು. ಅವಳ ಕೂಗು ಕೇಳಿ ನಾವು ಓಡಿ ಬಂದು, ಚಿಕ್ಕಪ್ಪ ವೈರು ಕಿತ್ತೆಸೆಯುವಷ್ಟರಲ್ಲಿ ಬಲಗೈ ಮೊಣಕೈವರೆಗೆ ಒಳಗೆ ಹೋಗಿತ್ತು.

ಕೈ ಉಳಿಯಲಿಲ್ಲ.

"ನಾನು ಕಾಲು ಎತ್ತಿದ್ದೆ," ಎಂದು ಚಿಕ್ಕಮ್ಮ ಹಾಸಿಗೆಯಲ್ಲಿ ಕನವರಿಸುತ್ತಿದ್ದಳು. ಕರೆಂಟು ಬಂದ ಮೇಲೆ ಚಿಕ್ಕಪ್ಪ ಪೆಡಲ್ ತುಳಿದು ನೋಡಿದ. ಕಾಲೆತ್ತಿದರೆ ರೋಲರು ತೆಪ್ಪಗೆ ನಿಂತಿತು. ಮತ್ತೆ ತುಳಿದ, ಮತ್ತೆ ನಿಂತಿತು.

"ಎಲ್ಲಾ ಸರಿಯಾಗೇ ಇದೆ. ಗಾಬರೀಲಿ ಇನ್ನೂ ಗಟ್ಟಿಯಾಗಿ ತುಳಿದಿದಾಳೆ, ಅಷ್ಟೇ. ಅವಳ ಕೈ ಅವಳೇ ಕಳ್ಕೊಂಡಳು."

ಈ ಮಾತು ಕಿವಿಗೆ ಬಿದ್ದ ದಿನ ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಕನವರಿಕೆಯೂ ಬದಲಾಯಿತು. "ಎತ್ತಿದ್ದೆನಾ? ನೀನಾದ್ರೂ ನೋಡಿದ್ಯೇನೇ?" ಎಂದು ನನ್ನನ್ನು ಕೇಳತೊಡಗಿದಳು.

ನಾನು ನೋಡಿರಲಿಲ್ಲ. ಅಣ್ಣನ ಹತ್ತಿರ ಹೋದೆ. "ಚಿಕ್ಕಪ್ಪ ನೋಡಿದ್ದು ಕರೆಂಟಲ್ಲಿ. ಅವತ್ತು ಕರೆಂಟೆಲ್ಲಿತ್ತಣ್ಣಾ?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

"ಅಜ್ಜಿ ಕಥೇಲಿ ಬಾಗಿಲು ಕಾಯೋ ಭೂತ ಇತ್ತಲ್ಲ," ಎಂದ. "ಈ ಎಸ್‌ಸಿಆರೂ ಹಾಗೇ ಕಣೇ. ಪೆಡಲ್ ತುಳಿದು ಒಂದು ಸಲ ತಟ್ಟಿದ್ರೆ ಬಾಗಿಲು ತೆಗೆಯುತ್ತೆ. ತಟ್ಟೋದು ನಿಲ್ಲಿಸಿದ್ರೂ ಮುಚ್ಚಲ್ಲ. ಒಳಗೆ ಹರಿಯೋದು ನಿಂತ್ರೆ ಮಾತ್ರ ಮುಚ್ಚುತ್ತೆ. ಮನೆ ಕರೆಂಟು ಹಿಂದೆ ಮುಂದೆ ತೂಗ್ತಾ ಕ್ಷಣಕ್ಷಣಕ್ಕೂ ನಿಲ್ಲುತ್ತೆ, ಅದಕ್ಕೇ ಕಾಲೆತ್ತಿದ ಕೂಡ್ಲೇ ಮುಚ್ಚುತ್ತೆ. ಬ್ಯಾಟರೀದು ಒಂದೇ ದಿಕ್ಕು, ಒಂದೇ ಹರಿವು. ನಿಲ್ಲೋದೇ ಇಲ್ಲ..."

"ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಬ್ಯಾಟರಿ ವಿಷಯವೇ ತಲೆಗೆ ಬರಲಿಲ್ಲ."

ಅದೇ ಸಂಜೆ ಅವನು ಚಿಕ್ಕಮ್ಮನ ಮಂಚದ ಪಕ್ಕ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವಳು ಉಳಿದಿದ್ದ ಕೈಯಿಂದ ಅವನ ಕಾಲರು ಹಿಡಿದು ಹತ್ತಿರಕ್ಕೆ ಎಳೆದಳು.

"ಹಾಗಾದ್ರೆ ನಾನು ಎತ್ತಿದ್ದೆ."

"ಎತ್ತಿದ್ದೆ ಚಿಕ್ಕಮ್ಮ."

"ಅವರನ್ನ ಕರಿ. ಅವರ ಮುಂದೆ ಇನ್ನೊಂದು ಸಲ ಹೇಳು."

ಚಿಕ್ಕಪ್ಪ ನನ್ನ ಹಿಂದೆಯೇ ನಿಂತಿದ್ದ. ಒಳಗೆ ಬರಲಿಲ್ಲ.